ಹಸಿರು ಬೆಟ್ಟದ ದಾರಿ ಮತ್ತು 24 ಲಕ್ಷದ ದ್ರಾಕ್ಷಿ ತೋಟ

ಮಾರ್ಚ್ ಕೊನೆಯ ವಾರ ಮಸ್ಕತ್‌ನ ಒಂದು ಹೋಟೆಲ್‌ನಲ್ಲಿ "ಅನಿವಾಸಿ ಕನ್ನಡಿಗರಿಗಾಗಿ ವಿಶೇಷ ಹೂಡಿಕೆ ಸಂಜೆ" ಇತ್ತು. ಆಫೀಸಿನ ಮಂಗಳೂರಿನ ಗೆಳೆಯ ಕರೆದ, ಹೋದೆ. ಸಮೋಸ, ಚಹಾ, ಆಮೇಲೆ ದೊಡ್ಡ ಪರದೆಯ ಮೇಲೆ ನಂದಿ ಬೆಟ್ಟದ ಮಂಜು. ಬೆಟ್ಟದ ಬುಡದಲ್ಲಿ ಕಾಲು ಎಕರೆ ವೈನ್ ದ್ರಾಕ್ಷಿ ತೋಟ, ಬೆಲೆ 24 ಲಕ್ಷ ರೂಪಾಯಿ. ನಾಟಿ ಮಾಡುವುದು, ನೋಡಿಕೊಳ್ಳುವುದು, ಹಣ್ಣು ಮಾರುವುದು ಎಲ್ಲ ಅವರದೇ. ನಾಲ್ಕನೇ ವರ್ಷದಿಂದ ವರ್ಷಕ್ಕೆ ಶೇ 12ರ "ಖಚಿತ ಆದಾಯ". ವರ್ಷಕ್ಕೆ ಹತ್ತು ದಿನ ತೋಟದ ಕಾಟೇಜಿನಲ್ಲಿ ಉಚಿತ ವಾಸ, ಲೇಬಲ್ ಮೇಲೆ ನಮ್ಮ ಹೆಸರಿರುವ ಹನ್ನೆರಡು ಬಾಟಲಿ ವೈನ್.

ಕಂಪನಿಯ ಹೆಸರು ಇಲ್ಲಿ ಬೇಡ. ಇಂಥವರು ಒಬ್ಬರಲ್ಲ, ಮತ್ತು ನನಗೆ ಬೇಕಿರುವುದು ಲೆಕ್ಕ ಮಾತ್ರ.

ಬ್ರೋಷರ್ ಮನೆಗೆ ತಂದೆ. ಹೆಂಡತಿ ತಿರುವಿ ನೋಡಿ ಒಂದೇ ಮಾತು ಕೇಳಿದಳು: "ನಮ್ಮ ಟಿಕೋಟಾದ ಪಡ ಬಿಟ್ಟು ಇದೇನ್ರೀ?"

ಅವಳು ಹಾಗೆ ಕೇಳಲು ಕಾರಣವಿದೆ. ವಿಜಯಪುರ ಜಿಲ್ಲೆಯ ಟಿಕೋಟಾ ಕಡೆ ನಮ್ಮದು ಐದು ಎಕರೆ ದ್ರಾಕ್ಷಿ ಪಡ. ಅಪ್ಪ ತೀರಿಕೊಂಡ ಮೇಲೆ ಪಹಣಿಯಲ್ಲಿ ಅಣ್ಣನ ಹೆಸರು, ನನ್ನ ಹೆಸರು ಎರಡೂ ಬಂದಿವೆ. ದುಡಿಯುವವನು ಅಣ್ಣ, ಒಣದ್ರಾಕ್ಷಿ ಬಂದಾಗ ಡಬ್ಬಿ ತುಂಬಿ ಕಳಿಸುವವನೂ ಅವನೇ. ಜನವರಿಯಲ್ಲಿ ಫೋನ್ ಮಾಡಿ, "ತಮ್ಮಾ, ಎರಡೂ ಬೋರ್‌ನ್ಯಾಗ ನೀರು ಕಡಿಮಿ ಆಗ್ಯಾದ. ಕೃಷಿ ಹೊಂಡ ಮಾಡಸಲಿಲ್ಲಂದ್ರ ಪಡ ಉಳಿಯಂಗಿಲ್ಲ. ಏಳು ಲಕ್ಷ ಬೇಕಾಗ್ತದ" ಅಂದಿದ್ದ. "ನೋಡೋಣ ಅಣ್ಣಾ" ಎಂದು ಹೇಳಿ ಎರಡು ತಿಂಗಳು ಸುಮ್ಮನಿದ್ದೆ. ಹೊಂಡಕ್ಕೆ ಹಾಕಿದ ದುಡ್ಡಿಗೆ ಎಷ್ಟು ಪರ್ಸೆಂಟ್ ಬರುತ್ತದೆ ಎಂದು ಯಾರೂ ಬರೆದುಕೊಡುವುದಿಲ್ಲವಲ್ಲ. ಬ್ರೋಷರ್‌ನಲ್ಲಿ ಬರೆದಿತ್ತು.

ತೀರ್ಮಾನಕ್ಕೆ ಒಂದು ವಾರ ಸಮಯ ಇತ್ತು. ನಡುವೆ ಒಂದು ಶುಕ್ರವಾರ ಬಂತು. ಏಪ್ರಿಲ್ ಎಂದರೆ ಜೆಬೆಲ್ ಅಖ್ದರ್‌ನಲ್ಲಿ ಗುಲಾಬಿ ಕಾಲ. ಎತ್ತರದ ಒಣನೆಲದಲ್ಲಿ ಹಣ್ಣು, ಹೂ ಬೆಳೆದು ಬದುಕುವವರನ್ನು ಕಣ್ಣಾರೆ ನೋಡಿ ಬರೋಣ ಎಂದು ಹೊರಟೆವು.

ಮನೆ ಹಿಂದಿನ ವಾದಿಯ ಜೊತೆಗೆ

ಅಲ್ ಖೌದ್‌ನಲ್ಲಿ ಇರುವವರಿಗೆ ಗೊತ್ತು, ನಮ್ಮ ಊರಿನ ಹೆಸರಿನದೇ ಒಂದು ವಾದಿ ಇದೆ. ವರ್ಷದ ಬಹುಪಾಲು ಅಲ್ಲಿ ಕಾಣುವುದು ಕಲ್ಲು ಮತ್ತು ಜಲ್ಲಿ. ಮಳೆ ಬಿದ್ದ ದಿನ ಅದೇ ಜಾಗದಲ್ಲಿ ಕಾರು ಕೊಚ್ಚಿಹೋಗುವಷ್ಟು ನೀರು. ಆ ನೀರು ಸೀದಾ ಸಮುದ್ರಕ್ಕೆ ಹೋಗದಿರಲಿ ಎಂದು 1985ರಲ್ಲಿ ಇಲ್ಲಿ ಅಣೆಕಟ್ಟು ಕಟ್ಟಿದರು. ಇದು ನಮ್ಮ ಆಲಮಟ್ಟಿಯ ಹಾಗೆ ನೀರು ತುಂಬಿಟ್ಟುಕೊಳ್ಳುವ ಅಣೆಕಟ್ಟಲ್ಲ. ಪ್ರವಾಹವನ್ನು ತಡೆದು ನಿಲ್ಲಿಸಿ, ನಿಧಾನವಾಗಿ ನೆಲಕ್ಕೆ ಇಂಗಿಸುತ್ತದೆ. ಕರಾವಳಿಯ ಬಾವಿಗಳಿಗೆ ಉಪ್ಪುನೀರು ನುಗ್ಗದಂತೆ ಅಂತರ್ಜಲ ತುಂಬಿಸುವುದು ಇದರ ಕೆಲಸ. ಕಣ್ಣಿಗೆ ಕಾಣುವ ನೀರು ಇಲ್ಲ, ಆದರೂ ಕೆಳಗಿನ ತೋಟಗಳಿಗೆ ಇದೇ ಠೇವಣಿ.

ಮಸ್ಕತ್‌ನಿಂದ ನಿಜ್ವಾಗೆ ಹೋಗುವ 15ನೇ ನಂಬರಿನ ಹೆದ್ದಾರಿ ಈ ವಾದಿಯ ಮೇಲ್ಭಾಗದ ಜೊತೆಗೇ ಏರುತ್ತದೆ. ಫಂಜಾ, ಬಿದ್‌ಬಿದ್, ಆಮೇಲೆ ಸಮಾಯಿಲ್ ಕಣಿವೆ. ಎಡಕ್ಕೆ ಪೂರ್ವ ಹಜರ್ ಬೆಟ್ಟಗಳು, ಬಲಕ್ಕೆ ಪಶ್ಚಿಮ ಹಜರ್, ನಡುವೆ ಈ ಸಂದು. ಹಿಂದೆ ಒಂಟೆಗಳ ಸಾಲು ಒಳನಾಡಿಗೆ ಹೋಗುತ್ತಿದ್ದ ದಾರಿಯೂ ಇದೇ. ಬೆಟ್ಟಗಳು ಕಂದು, ಕಪ್ಪು, ಒಂದು ಗಿಡವೂ ಇಲ್ಲದ ಬೋಳು. ಅವುಗಳ ಬುಡದಲ್ಲಿ ಅಲ್ಲಲ್ಲಿ ಖರ್ಜೂರದ ತೋಟಗಳ ಹಸಿರು ಪಟ್ಟಿ.

ಮಗಳು ಹಿಂದಿನ ಸೀಟಿನಿಂದ, "ಇಲ್ಲಿ ಮರ ಯಾಕೆ ಇದೆ, ಅಲ್ಲಿ ಯಾಕೆ ಇಲ್ಲ?" ಎಂದು ಕೇಳಿದಳು. ಎರಡೂ ಕಡೆ ಅದೇ ಮಣ್ಣು, ಅದೇ ಬಿಸಿಲು. ನೀರು ಇರುವ ಕಡೆ ಮರ ಇದೆ, ಅಷ್ಟೇ. ಉತ್ತರ ಹೇಳುವಾಗ ಬ್ರೋಷರ್‌ನಲ್ಲಿ ನೀರಿನ ಬಗ್ಗೆ ಏನಿತ್ತು ಎಂದು ನೆನಪು ಮಾಡಿಕೊಂಡೆ. ಮಂಜು ಇತ್ತು, ಸೂರ್ಯೋದಯ ಇತ್ತು, ಕಾಟೇಜಿನ ಈಜುಕೊಳವೂ ಇತ್ತು. ಎಷ್ಟು ಬೋರ್‌ವೆಲ್, ಎಷ್ಟು ಆಳ, ಬೇಸಿಗೆಯಲ್ಲಿ ಎಷ್ಟು ಇಂಚು ನೀರು ಎಂಬುದು ಒಂದು ಪುಟದಲ್ಲೂ ಇರಲಿಲ್ಲ.

ನೀರಿಗೂ ಷೇರು

ಇಜ್ಕಿ ದಾಟಿದ ಮೇಲೆ ಬೆಟ್ಟದ ಬುಡದಲ್ಲಿ ಬಿರ್ಕತ್ ಅಲ್ ಮೌಜ್ ಸಿಗುತ್ತದೆ. ಹೆಸರಿನ ಅರ್ಥ ಬಾಳೆಯ ಕೊಳ. ಹಳೆಯ ಮಣ್ಣಿನ ಮನೆಗಳು ಪಾಳುಬಿದ್ದಿವೆ, ಕೆಳಗೆ ಖರ್ಜೂರ, ಬಾಳೆ ಹಸಿರಾಗಿ ನಿಂತಿವೆ. ಅವುಗಳ ನಡುವೆ ಹರಿಯುವ ಕಾಲುವೆಯೇ ಫಲಜ್ ಅಲ್ ಖತ್ಮೀನ್. 2006ರಲ್ಲಿ ಯುನೆಸ್ಕೊ ಒಮಾನ್‌ನ ಐದು ಫಲಜ್‌ಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು, ಅದರಲ್ಲಿ ಇದೂ ಒಂದು. ದೇಶದಲ್ಲಿ ಇಂಥ ಸುಮಾರು 3,000 ಕಾಲುವೆಗಳು ಇಂದಿಗೂ ಬಳಕೆಯಲ್ಲಿವೆ. ಪಂಪ್ ಇಲ್ಲ, ಕರೆಂಟ್ ಇಲ್ಲ. ಮೇಲಿನ ನೆಲೆಯ ನೀರು ಇಳಿಜಾರಿನ ಬಲದಿಂದಲೇ ಊರಿಗೆ ಬರುತ್ತದೆ. ನಮ್ಮ ವಿಜಯಪುರದಲ್ಲಿ ಆದಿಲಶಾಹಿಗಳ ಕಾಲದಲ್ಲಿ ನೆಲದಡಿ ಸುರಂಗದಲ್ಲಿ ನೀರು ತರುತ್ತಿದ್ದ ಕರೇಜ್ ನೋಡಿದವರಿಗೆ ಇದು ಹೊಸದೆನಿಸುವುದಿಲ್ಲ.

ಹಣಕಾಸಿನ ಲೇಖನದಲ್ಲಿ ಫಲಜ್ ಯಾಕೆ ಎಂದರೆ, ಇದು ನಾನು ನೋಡಿದ ಅತ್ಯಂತ ಹಳೆಯ ಷೇರು ವ್ಯವಸ್ಥೆ. ಇಲ್ಲಿ ಅನೇಕ ಊರುಗಳಲ್ಲಿ ಜಮೀನು ಬೇರೆ ಆಸ್ತಿ, ನೀರು ಬೇರೆ ಆಸ್ತಿ. ನೀರನ್ನು ಸಮಯದಿಂದ ಅಳೆಯುತ್ತಾರೆ. "ಅಥರ್" ಎಂಬುದು ಒಂದು ಅಳತೆ, ಸುಮಾರು ಅರ್ಧ ಗಂಟೆಯ ಹರಿವು. ಹಿಂದೆ ಹಗಲು ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಪಾಳಿ ಬದಲಿಸುತ್ತಿದ್ದರು. ಒಬ್ಬನಿಗೆ ಎರಡು ಅಥರ್, ಇನ್ನೊಬ್ಬನಿಗೆ ಐದು. ಈ ಪಾಲನ್ನು ಮಕ್ಕಳಿಗೆ ಬಿಡಬಹುದು, ಮಾರಬಹುದು, ಬಾಡಿಗೆಗೆ ಕೊಡಬಹುದು. ಕೆಲವು ಪಾಲು ಮಸೀದಿಗೆ ವಕ್ಫ್ ಆಗಿರುತ್ತದೆ. ಕೆಲವನ್ನು ಫಲಜ್‌ನ ಹೆಸರಿನಲ್ಲೇ ಇಟ್ಟು ಹರಾಜು ಹಾಕಿ, ಬಂದ ದುಡ್ಡಿನಲ್ಲಿ ಕಾಲುವೆ ದುರಸ್ತಿ ಮಾಡಿಸುತ್ತಾರೆ. ಲೆಕ್ಕ ನೋಡಿಕೊಳ್ಳಲು ಊರವರು ಆರಿಸಿದ "ವಕೀಲ್" ಇರುತ್ತಾನೆ. ನಮ್ಮ ಕೋರ್ಟಿನ ವಕೀಲರಲ್ಲ, ಕಾಲುವೆಯ ಕಾರಭಾರಿ.

ನಿರ್ವಹಣೆಯ ಖರ್ಚಿಗೆ ಮೊದಲೇ ಪಾಲು ತೆಗೆದಿಟ್ಟು, ಉಳಿದದ್ದನ್ನು ಹಂಚಿಕೊಳ್ಳುವ ಈ ಪದ್ಧತಿ ಶತಮಾನಗಳಿಂದ ನಡೆದಿದೆ. ಬರ ಬಂದು ಹರಿವು ಕಡಿಮೆಯಾದರೆ ಎಲ್ಲರ ಪಾಲೂ ಕಡಿಮೆಯಾಗುತ್ತದೆ. ಅರ್ಧ ಗಂಟೆಗೆ ಇಷ್ಟೇ ಲೀಟರ್ ನೀರು ಎಂದು ಯಾರೂ ಯಾರಿಗೂ ಖಚಿತ ಭರವಸೆ ಕೊಡುವುದಿಲ್ಲ.

ಎರಡು ಸಾವಿರ ಮೀಟರ್ ಮೇಲೆ

ಬಿರ್ಕತ್ ಅಲ್ ಮೌಜ್ ದಾಟಿದರೆ ಪೊಲೀಸ್ ಚೆಕ್‌ಪೋಸ್ಟ್. ಫೋರ್ ವೀಲ್ ಡ್ರೈವ್ ಇಲ್ಲದ ಗಾಡಿಯನ್ನು ಮೇಲೆ ಬಿಡುವುದಿಲ್ಲ. ರಸ್ತೆ ಒಳ್ಳೆಯ ಡಾಂಬರಿನದೇ, ಆದರೆ ಏರು ಕಡಿದು. ಇಳಿಯುವಾಗ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಬಂದರೆ ಅದು ಕಾದು ಕೈಕೊಡುತ್ತದೆ, ಲೋ ಗೇರ್‌ನಲ್ಲೇ ಬರಬೇಕು. ತಿರುವು ತಿರುವಿಗೂ ಒಂದು ಬದಿ ಬಂಡೆ, ಇನ್ನೊಂದು ಬದಿ ಪ್ರಪಾತ. ಹೆಂಡತಿ ಸಯ್ಕ್ ಬರುವವರೆಗೂ ಕಿಟಕಿ ಕಡೆ ನೋಡಲಿಲ್ಲ.

ಸಯ್ಕ್ ಪ್ರಸ್ಥಭೂಮಿ ಸಮುದ್ರಮಟ್ಟದಿಂದ ಸುಮಾರು 2,000 ಮೀಟರ್ ಎತ್ತರದಲ್ಲಿದೆ. ಅಲ್ ಖೌದ್‌ನಲ್ಲಿ ಏಸಿ ಹಾಕಿ ಹೊರಟವರು ಇಲ್ಲಿ ಸ್ವೆಟರ್ ಹುಡುಕಿದೆವು. ಪ್ರಸ್ಥಭೂಮಿಯ ಅಂಚಿನಲ್ಲಿ ಅಲ್ ಅಕ್ರ್, ಅಲ್ ಐನ್, ಅಶ್ ಶುರೈಜಾ ಎಂಬ ಹಳ್ಳಿಗಳು ಕಣಿವೆಯ ಬಾಯಿಗೆ ಅಂಟಿಕೊಂಡಂತೆ ನಿಂತಿವೆ. ಅವುಗಳ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ತೋಟಗಳು. ಒಂದೊಂದು ಮಡಿ ನಮ್ಮ ಮನೆ ಹಾಲ್‌ಗಿಂತ ದೊಡ್ಡದಿಲ್ಲ. ಕಲ್ಲಿನ ಒಡ್ಡು ಕಟ್ಟಿ, ಮಣ್ಣು ತುಂಬಿ, ತೆಳ್ಳನೆಯ ಕಾಲುವೆಯಲ್ಲಿ ನೀರು ತಂದು ಮಾಡಿದ ಮಡಿಗಳು. ಗುಲಾಬಿ, ದಾಳಿಂಬೆ, ಏಪ್ರಿಕಾಟ್, ಪೀಚ್, ಅಕ್ರೋಟು, ಮತ್ತೆ ದ್ರಾಕ್ಷಿಯೂ ಇದೆ.

ದ್ರಾಕ್ಷಿ ಎಂದ ಮೇಲೆ ಒಂದು ಹಳೆಯ ಸಂಗತಿ. 1835ರಲ್ಲಿ ಜೇಮ್ಸ್ ರೇಮಂಡ್ ವೆಲ್‌ಸ್ಟೆಡ್ ಎಂಬ ಬ್ರಿಟಿಷ್ ನೌಕಾ ಅಧಿಕಾರಿ ಈ ಬೆಟ್ಟ ಹತ್ತಿದ್ದ. 1838ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕಥನದಲ್ಲಿ, ಇಲ್ಲಿನ ಜನ ತಾವೇ ಬೆಳೆದ ದ್ರಾಕ್ಷಿಯಿಂದ ವೈನ್ ಮಾಡಿ ಕುಡಿಯುತ್ತಿದ್ದರು ಎಂದು ಬರೆದಿದ್ದಾನೆ. ಇಂದು ಅದರ ಸುಳಿವೂ ಇಲ್ಲ. ಬಳ್ಳಿಗಳಿವೆ, ಹಣ್ಣು ತಿನ್ನಲಿಕ್ಕೆ. ಬೆಟ್ಟದ ಹೆಸರು ಹೇಳಿ ಬಾಟಲಿಯಲ್ಲಿ ಮಾರಾಟವಾಗುವುದು ಈಗ ಗುಲಾಬಿ ನೀರು.

ಒಬ್ಬ ಹಿರಿಯರು ತಮ್ಮ ಭಟ್ಟಿ ಕೋಣೆಗೆ ಕರೆದುಕೊಂಡು ಹೋದರು. ಮುರುಕು ಹಿಂದಿಯಲ್ಲಿ ಚೆನ್ನಾಗಿಯೇ ಮಾತಾಡಿದರು. ಸೂರ್ಯ ಏರುವ ಮೊದಲೇ ಹೂ ಬಿಡಿಸಬೇಕು, ಬಿಸಿಲು ಬಿದ್ದರೆ ವಾಸನೆ ಹಾರಿಹೋಗುತ್ತದೆ. ಮಣ್ಣಿನ ಒಲೆಯಲ್ಲಿ ಕೂರಿಸಿದ ಮಡಕೆಗೆ ಎಸಳು ತುಂಬಿ, ಒಳಗೊಂದು ಚಿಕ್ಕ ಪಾತ್ರೆ ಇಟ್ಟು, ಮೇಲೆ ತಣ್ಣೀರಿನ ಬೋಗುಣಿ ಮುಚ್ಚುತ್ತಾರೆ. ಹಬೆ ಮೇಲೇರಿ ಬೋಗುಣಿಯ ತಳಕ್ಕೆ ತಾಗಿ, ಹನಿಯಾಗಿ ಒಳಪಾತ್ರೆಗೆ ಬೀಳುತ್ತದೆ. ಗೋಡೆ ಪೂರ್ತಿ ಮಸಿ. ಆ ಹೊಗೆಯ ವಾಸನೆ ನೀರಿಗೂ ಇಳಿಯುತ್ತದೆ, ಗೊತ್ತಿರುವವರು ಅದನ್ನೇ ಕೇಳಿ ಕೊಳ್ಳುತ್ತಾರೆ. ತೆಗೆದ ನೀರನ್ನು ತಿಳಿಯಾಗುವವರೆಗೆ ವಾರಗಟ್ಟಲೆ ಇಡಬೇಕು. ಈಗ ಹಲವರು ಗ್ಯಾಸ್ ಮತ್ತು ಸ್ಟೀಲ್ ಪಾತ್ರೆಗೆ ಬದಲಾಗಿದ್ದಾರೆ.

ನಾನು ನನ್ನ ಹಳೇ ಚಾಳಿಯಂತೆ ಕೇಳಿದೆ, "ವರ್ಷಕ್ಕೆ ಎಷ್ಟು ಉಳಿಯುತ್ತದೆ?"

ಅವರು ನಕ್ಕರು. ಗುಲಾಬಿ ಒಂದೂವರೆ ತಿಂಗಳು, ದಾಳಿಂಬೆ ಬೇಸಿಗೆ ಕಳೆದ ಮೇಲೆ ಎರಡು ತಿಂಗಳು. ಮಗ ನಿಜ್ವಾದಲ್ಲಿ ಸರ್ಕಾರಿ ಕೆಲಸದಲ್ಲಿದ್ದಾನೆ. ಒಂದು ಮನೆಯನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಟ್ಟಿದ್ದಾರೆ. "ತೋಟ ಮನೆ ನಡೆಸುವುದಿಲ್ಲ, ಮನೆ ತೋಟ ನಡೆಸುತ್ತದೆ" ಎಂದರು. ಮಳೆ ಕಡಿಮೆಯಾದ ವರ್ಷಗಳಲ್ಲಿ ಕೆಳಗಿನ ಮಡಿಗಳನ್ನು ಬಿಟ್ಟೇಬಿಟ್ಟರಂತೆ. ಕೈತೋರಿಸಿದ ಕಡೆ ನೋಡಿದೆ. ಮೇಲಿನ ಹತ್ತು ಮಡಿ ಹಸಿರು, ಅದರ ಕೆಳಗೆ ಇಪ್ಪತ್ತು ಮಡಿ ಒಣಗಿದ ಕಡ್ಡಿ. ಒಡ್ಡುಗಳು ಗಟ್ಟಿಯಾಗಿವೆ, ಮಣ್ಣೂ ಇದೆ, ನೀರಿಲ್ಲ.

ಐದು ರಿಯಾಲ್ ಕೊಟ್ಟು ಒಂದು ಬಾಟಲಿ ತೆಗೆದುಕೊಂಡೆವು.

ಕರ್ನಾಟಕದ ವೈನ್ ವ್ಯಾಪಾರ ಹೇಗೆ ನಡೆಯುತ್ತದೆ

ಬ್ರೋಷರ್ ತೋರಿಸಿದ ಕನಸು ಪೂರ್ತಿ ಸುಳ್ಳಲ್ಲ. ನಂದಿ ಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದ ಬಳಿ 1988ರಲ್ಲಿ ಗ್ರೋವರ್ ಕುಟುಂಬ ಶುರುಮಾಡಿದ ವೈನ್ ತೋಟ ಇಂದು ದೇಶದ ದೊಡ್ಡ ಹೆಸರುಗಳಲ್ಲಿ ಒಂದು. ಕೊಪ್ಪಳ ಜಿಲ್ಲೆಯ ಹಂಪಿ ಗುಡ್ಡಗಳ ಕಡೆ ಕೃಸ್ಮಾ ಎಸ್ಟೇಟ್ಸ್ ಇದೆ. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು, ವೈನ್ ಮಂಡಳಿ ಮಾಡಿತು. ತೋಟ ನೋಡಿ, ವೈನ್ ರುಚಿ ನೋಡಿ, ಊಟ ಮಾಡಿ ಬರುವ ವಾರಾಂತ್ಯದ ಪ್ರವಾಸವೂ ಬೆಳೆದಿದೆ.

ಆದರೆ ಇದರಲ್ಲಿ ದುಡ್ಡು ಮಾಡಿದವರು ಯಾರು, ಯಾವ ಹಂತದಲ್ಲಿ ಎಂದು ಕೇಳಿಕೊಳ್ಳಬೇಕು. ಬಳ್ಳಿ ನೆಟ್ಟು ಸರಿಯಾದ ಫಸಲು ಬರಲು ಮೂರು ವರ್ಷ. ಹಣ್ಣು ಬಂದ ಮೇಲೆ ವೈನರಿಗೆ ಲೈಸೆನ್ಸ್, ಟ್ಯಾಂಕು, ಪೀಪಾಯಿ, ಕಾಯುವ ಕಾಲ. ಮಾರಾಟ ಮಾಡಬೇಕೆಂದರೆ ರಾಜ್ಯದಲ್ಲಿ ಕರ್ನಾಟಕ ರಾಜ್ಯ ಪಾನೀಯ ನಿಗಮದ ಮೂಲಕವೇ ಹೋಗಬೇಕು. ಪಕ್ಕದ ರಾಜ್ಯಕ್ಕೆ ಹೋದರೆ ಅಲ್ಲಿನ ಅಬಕಾರಿ ನಿಯಮ ಬೇರೆ, ಸುಂಕ ಬೇರೆ. ಹೆಸರು ಮಾಡಿದ ಬ್ರ್ಯಾಂಡ್‌ಗೆ ಲಾಭ ಇದೆ. ಬರೀ ಹಣ್ಣು ಬೆಳೆಯುವವನಿಗೆ ಸಿಗುವುದು ಹಣ್ಣಿನ ಬೆಲೆ ಮಾತ್ರ. ಕಾಲು ಎಕರೆಯ ಹಣ್ಣು ಮಾರಿ 24 ಲಕ್ಷಕ್ಕೆ ಶೇ 12, ಅಂದರೆ ವರ್ಷಕ್ಕೆ 2.88 ಲಕ್ಷ ಉಳಿಯಬೇಕು. ಎಕರೆಗೆ ಲೆಕ್ಕ ಹಾಕಿದರೆ 11.5 ಲಕ್ಷದ ನಿವ್ವಳ. ಇದನ್ನು ಅಣ್ಣನಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರ ಹತ್ರ ಯಾವ ಔಷಧ ಹೊಡೀತಾರ ಕೇಳಿ ಹೇಳು, ನಾನೂ ಹೊಡೀತೀನಿ" ಎಂದ.

ದೊಡ್ಡ ಕಂಪನಿಗಳಿಗೂ ಈ ದಾರಿ ಸಲೀಸಾಗಿಲ್ಲ. ನಾಸಿಕ್‌ನ ಸುಲಾ ವೈನ್‌ಯಾರ್ಡ್ಸ್ 2022ರ ಡಿಸೆಂಬರ್‌ನಲ್ಲಿ 357 ರೂಪಾಯಿ ದರದಲ್ಲಿ ಷೇರುಪೇಟೆಗೆ ಬಂತು. 2024ರ ಆರಂಭದಲ್ಲಿ 700ರ ಹತ್ತಿರ ಹೋಯಿತು, 2025ರಲ್ಲಿ ವಿತರಣಾ ಬೆಲೆಗಿಂತಲೂ ಕೆಳಗಿಳಿಯಿತು. ದೇಶದ ಅತಿ ದೊಡ್ಡ ವೈನ್ ಕಂಪನಿಯ ಕಥೆಯೇ ಹೀಗಿರುವಾಗ ಕಾಲು ಎಕರೆಗೆ "ಖಚಿತ" ಎಂಬ ಪದ ಹೇಗೆ ಬಂತು?

ಕಾನೂನಿನ ಮಾತು: ಇದನ್ನು ನಾವು ಕೊಳ್ಳುವಂತೆಯೇ ಇಲ್ಲ

ಮೇಲಿನದೆಲ್ಲ ವ್ಯಾಪಾರದ ಅನುಮಾನಗಳು. ದೊಡ್ಡ ಸಮಸ್ಯೆ ಕಾನೂನಿನದು. ಗಲ್ಫ್‌ನಲ್ಲಿರುವ ನಮ್ಮವರು ಹೆಚ್ಚು ಎಡವುವುದು ಇಲ್ಲೇ, ಆದ್ದರಿಂದ ಇದನ್ನು ನಿಧಾನವಾಗಿ ಓದಿ.

ಸಭೆಯಲ್ಲಿ ಒಬ್ಬರು ಎದ್ದು "ಎನ್‌ಆರ್‌ಐಗಳು ಕೃಷಿ ಜಮೀನು ಕೊಳ್ಳಬಹುದೇ?" ಎಂದು ಕೇಳಿದರು. ಉತ್ತರ ಥಟ್ಟನೆ ಬಂತು: "ಸರ್, 2020ರಲ್ಲಿ ಕರ್ನಾಟಕದಲ್ಲಿ ಕಾನೂನೇ ಬದಲಾಗಿದೆ. ಈಗ ಯಾರು ಬೇಕಾದರೂ ಕೊಳ್ಳಬಹುದು." ಅರ್ಧ ಸತ್ಯ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದರು, ಹಾಗಾಗಿ ರೈತರಲ್ಲದವರೂ ಜಮೀನು ಕೊಳ್ಳಬಹುದು. ಆದರೆ ಅದು ರಾಜ್ಯದ ಕಾನೂನು. ಎನ್‌ಆರ್‌ಐಗಳಿಗೆ ಇರುವ ತಡೆ ಕೇಂದ್ರದ ಫೆಮಾ ಕಾನೂನಿನದು, ಅದು ಬದಲಾಗಿಲ್ಲ.

ಫೆಮಾ ಪ್ರಕಾರ ಇರುವ ಸ್ಥಿತಿ ಹೀಗಿದೆ:

• ಎನ್‌ಆರ್‌ಐ ಮತ್ತು ಓಸಿಐ ಕಾರ್ಡ್ ಇರುವವರು ಭಾರತದಲ್ಲಿ ಮನೆ, ಸೈಟು, ಅಂಗಡಿ ಕೊಳ್ಳಬಹುದು. ಕೃಷಿ ಜಮೀನು, ತೋಟಪಟ್ಟಿ, ಫಾರ್ಮ್ ಹೌಸ್ ಕೊಳ್ಳುವಂತಿಲ್ಲ.

• ಕೃಷಿ ಜಮೀನನ್ನು ಉಡುಗೊರೆಯಾಗಿಯೂ ಪಡೆಯುವಂತಿಲ್ಲ. ಅಣ್ಣ ಪ್ರೀತಿಯಿಂದ ಎರಡು ಎಕರೆ ದಾನಪತ್ರ ಮಾಡಿಕೊಟ್ಟರೂ ಅದು ನಡೆಯುವುದಿಲ್ಲ.

• ಪಿತ್ರಾರ್ಜಿತವಾಗಿ ಬಂದ ಜಮೀನು ಇಟ್ಟುಕೊಳ್ಳಬಹುದು. ಭಾರತದಲ್ಲಿ ವಾಸವಿದ್ದಾಗ ಕೊಂಡಿದ್ದ ಜಮೀನನ್ನೂ ಇಟ್ಟುಕೊಳ್ಳಬಹುದು.

• ಅಂಥ ಜಮೀನನ್ನು ಮಾರಬೇಕೆಂದರೆ ಭಾರತದಲ್ಲಿ ವಾಸವಿರುವ ಭಾರತೀಯ ನಾಗರಿಕರಿಗೇ ಮಾರಬೇಕು.

ಕಾನೂನು ಮೀರಿದರೆ ವ್ಯವಹಾರದ ಮೊತ್ತದ ಮೂರು ಪಟ್ಟಿನವರೆಗೆ ದಂಡ ಹಾಕಲು ಫೆಮಾದ 13ನೇ ಕಲಂ ಅವಕಾಶ ಕೊಡುತ್ತದೆ. 24 ಲಕ್ಷದ ತೋಟಕ್ಕೆ 72 ಲಕ್ಷದವರೆಗೆ.

ಇದನ್ನು ಹೇಳಿದರೆ ಮಾರುವವರ ಬಳಿ ಮೂರು ಉತ್ತರ ಸಿದ್ಧವಿರುತ್ತವೆ. ಮೂರನ್ನೂ ನಾನು ಕೇಳಿಸಿಕೊಂಡಿದ್ದೇನೆ.

ಮೊದಲನೆಯದು, "ಊರಲ್ಲಿರುವ ಅಪ್ಪನ ಹೆಸರಿಗೋ ಭಾವನ ಹೆಸರಿಗೋ ಮಾಡಿಸಿ." ದುಡ್ಡು ನಿಮ್ಮದು, ಲಾಭ ನಿಮಗೆ, ಹೆಸರು ಮಾತ್ರ ಇನ್ನೊಬ್ಬರದು ಎಂದರೆ ಬೇನಾಮಿ ಎಂಬ ಪ್ರಶ್ನೆ ಏಳುತ್ತದೆ. 2016ರ ತಿದ್ದುಪಡಿಯ ನಂತರ ಬೇನಾಮಿ ಆಸ್ತಿ ಮುಟ್ಟುಗೋಲು, ಒಂದರಿಂದ ಏಳು ವರ್ಷ ಜೈಲು, ಆಸ್ತಿಯ ಮಾರುಕಟ್ಟೆ ಬೆಲೆಯ ಶೇ 25ರವರೆಗೆ ದಂಡ. ಭಾವನ ಜೊತೆಗಿನ ಸಂಬಂಧ ಹಾಳಾಗುವುದು ಬೇರೆ.

ಎರಡನೆಯದು, "ಇದು ಕನ್ವರ್ಟೆಡ್ ಲ್ಯಾಂಡ್." ಭೂಪರಿವರ್ತನೆಯಾಗಿ ವಸತಿ ಸೈಟಾಗಿದ್ದರೆ ಕೊಳ್ಳಲು ಅಡ್ಡಿಯಿಲ್ಲ. ಆದರೆ ದ್ರಾಕ್ಷಿ ಬೆಳೆಯುತ್ತಿರುವ ಜಮೀನು ವಸತಿ ಸೈಟು ಹೇಗಾಯಿತು? ಬಾಯಿಮಾತು ಬೇಡ. ಸರ್ವೆ ನಂಬರ್ ಕೇಳಿ, ಭೂಮಿ ತಂತ್ರಾಂಶದಲ್ಲಿ ಪಹಣಿ ನೋಡಿ, ಪರಿವರ್ತನೆ ಆದೇಶದ ಪ್ರತಿ ಕೇಳಿ, ಕಾವೇರಿಯಲ್ಲಿ ಋಣಭಾರ ಪತ್ರ ತೆಗೆಸಿ. ನಾನು ಸರ್ವೆ ನಂಬರ್ ಕೇಳಿದಾಗ "ಬುಕಿಂಗ್ ಆದ ಮೇಲೆ ಕೊಡುತ್ತೇವೆ" ಎಂದರು.

ಮೂರನೆಯದು, "ಜಮೀನು ಕಂಪನಿ ಹೆಸರಲ್ಲಿರುತ್ತದೆ, ನಿಮಗೆ ಪಾಲು ಮಾತ್ರ." ಆಗ ಅದು ಜಮೀನಲ್ಲ, ಹೂಡಿಕೆ ಯೋಜನೆ. ಹಲವರ ದುಡ್ಡು ಒಟ್ಟುಗೂಡಿಸಿ, ಹೂಡಿದವರಿಗೆ ದಿನನಿತ್ಯದ ಹಿಡಿತವಿಲ್ಲದೆ, ಲಾಭದ ಆಸೆ ತೋರಿಸಿ ನಡೆಸುವ ಯೋಜನೆಗೆ ಸೆಬಿ ನೋಂದಣಿ ಬೇಕು. ಅದೂ ಅಲ್ಲದೆ ಕೃಷಿ ಮತ್ತು ತೋಟಗಾರಿಕೆ ವಹಿವಾಟಿನ ಸಂಸ್ಥೆಗಳಲ್ಲಿ ಎನ್‌ಆರ್‌ಐ ಹೂಡಿಕೆಗೆ ಫೆಮಾದಲ್ಲಿ ಬೇರೆ ನಿರ್ಬಂಧಗಳಿವೆ. ಜಮೀನಿನ ಹೆಸರಿನಲ್ಲಿ ದುಡ್ಡು ಎತ್ತಿದ ಪಿಎಸಿಎಲ್ ಪ್ರಕರಣ ನೆನಪಿರಲಿ. 2014ರಲ್ಲಿ ಸೆಬಿ ಅದಕ್ಕೆ ಹೂಡಿಕೆದಾರರ 49,100 ಕೋಟಿ ರೂಪಾಯಿ ವಾಪಸ್ ಕೊಡಲು ಆದೇಶಿಸಿತು. ಆ ಹಣಕ್ಕಾಗಿ ಜನ ವರ್ಷಗಟ್ಟಲೆ ಅಲೆದರು.

ಸಭೆಯಲ್ಲಿ ತೆರಿಗೆಯ ಹೆದರಿಕೆಯನ್ನೂ ಹಾಕಿದರು: "2028ರಿಂದ ಒಮಾನ್‌ನಲ್ಲೂ ಆದಾಯ ತೆರಿಗೆ ಬರುತ್ತದೆ, ಭಾರತದಲ್ಲಿ ಕೃಷಿ ಆದಾಯಕ್ಕೆ ತೆರಿಗೆ ಇಲ್ಲ." ಒಮಾನ್ ಕಾನೂನು ಬಂದಿರುವುದು ನಿಜ. ಆದರೆ ವರ್ಷಕ್ಕೆ 42,000 ರಿಯಾಲ್ ಮೀರಿದ ಆದಾಯಕ್ಕೆ ಮಾತ್ರ ಶೇ 5. ತಿಂಗಳಿಗೆ 3,500 ರಿಯಾಲ್‌ಗಿಂತ ಕಡಿಮೆ ದುಡಿಯುವ ನಮ್ಮಲ್ಲಿ ಹೆಚ್ಚಿನವರಿಗೆ ಅದು ತಾಗುವುದಿಲ್ಲ. ಇನ್ನು ಬೆಳೆ ಬರಲಿ ಬಿಡಲಿ ಕಂಪನಿ ಕೊಡುವ ನಿಗದಿತ ಮೊತ್ತವನ್ನು ಕೃಷಿ ಆದಾಯ ಎಂದು ತೆರಿಗೆ ಇಲಾಖೆಗೆ ಒಪ್ಪಿಸುವುದು ಸುಲಭವಲ್ಲ.

ಕಾನೂನು ಅಡ್ಡ ಬರದಿದ್ದರೂ ಲೆಕ್ಕ ಕೂಡುತ್ತಿರಲಿಲ್ಲ

ವಾದಕ್ಕಾಗಿ ಎಲ್ಲವೂ ಸರಿಯಿದೆ ಎಂದು ಇಟ್ಟುಕೊಳ್ಳೋಣ. ಐದು ವರ್ಷದ ಲೆಕ್ಕ ನೋಡಿ.

ತೋಟ: ಹಾಕುವುದು 24 ಲಕ್ಷ. ಮೊದಲ ಮೂರು ವರ್ಷ ಆದಾಯ ಸೊನ್ನೆ. ನಾಲ್ಕು ಮತ್ತು ಐದನೇ ವರ್ಷ 2.88 ಲಕ್ಷದಂತೆ 5.76 ಲಕ್ಷ. ಸಣ್ಣ ಅಕ್ಷರದಲ್ಲಿ ಬರೆದಿದ್ದ ನಿರ್ವಹಣಾ ಶುಲ್ಕ ವರ್ಷಕ್ಕೆ 60,000, ಐದು ವರ್ಷಕ್ಕೆ 3 ಲಕ್ಷ. ಕೊಂಡ ಬೆಲೆಗೇ ಮಾರಿದರೆ ಕೈಯಲ್ಲಿ ಉಳಿಯುವುದು 26.76 ಲಕ್ಷ.

ಠೇವಣಿ: ಅದೇ 24 ಲಕ್ಷವನ್ನು ಎನ್‌ಆರ್‌ಇ ಠೇವಣಿಯಲ್ಲಿ ಶೇ 6.5ಕ್ಕೆ ಇಟ್ಟರೆ, ವರ್ಷಕ್ಕೊಮ್ಮೆ ಚಕ್ರಬಡ್ಡಿ ಎಂದು ಹಿಡಿದರೂ ಐದು ವರ್ಷಕ್ಕೆ 32.88 ಲಕ್ಷ. ಎನ್‌ಆರ್‌ಐ ಆಗಿರುವವರೆಗೆ ಆ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಹಣವನ್ನು ಯಾವಾಗ ಬೇಕಾದರೂ ಇಲ್ಲಿಗೆ ತರಿಸಿಕೊಳ್ಳಬಹುದು.

ವ್ಯತ್ಯಾಸ 6 ಲಕ್ಷಕ್ಕೂ ಸ್ವಲ್ಪ ಹೆಚ್ಚು. ಅದು ಸರಿದೂಗಬೇಕಾದರೆ ಕಾಲು ಎಕರೆ ತೋಟ 30 ಲಕ್ಷಕ್ಕೆ ಮಾರಾಟವಾಗಬೇಕು. ಅದನ್ನು ಕೊಳ್ಳುವವರು ಯಾರು? ಎನ್‌ಆರ್‌ಐಗೆ ಮಾರುವಂತಿಲ್ಲ. ಸ್ಥಳೀಯ ರೈತನಿಗೆ ಬೇರೆಯವರ ತೋಟದ ನಡುವಿನ ಕಾಲು ಎಕರೆ ಬೇಡ. ಉಳಿಯುವುದು ಅದೇ ಕಂಪನಿ. ಅವರು ಹೇಳಿದ್ದೇ ಬೆಲೆ.

"ಶೇ 12" ಎಂಬ ಮಾತಿನೊಳಗೆ ಇಷ್ಟೆಲ್ಲ ಅಡಗಿರುತ್ತದೆ. ಯಾರಾದರೂ ಪರ್ಸೆಂಟ್ ಹೇಳಿದರೆ ಮೂರು ಪ್ರಶ್ನೆ ಕೇಳಿ: ಯಾವ ವರ್ಷದಿಂದ? ಯಾವ ಖರ್ಚು ಕಳೆದ ಮೇಲೆ? ಅಸಲು ಯಾರಿಂದ ವಾಪಸ್ ಬರುತ್ತದೆ?

ಕೊನೆಗೆ ಮಾಡಿದ್ದು

ಬೆಟ್ಟ ಇಳಿದು ಅಲ್ ಖೌದ್ ಸೇರುವಾಗ ರಾತ್ರಿಯಾಗಿತ್ತು. ದಾರಿಯುದ್ದಕ್ಕೂ ಕಣ್ಣ ಮುಂದೆ ಇದ್ದದ್ದು ಆ ಹಿರಿಯರ ಒಣಗಿದ ಇಪ್ಪತ್ತು ಮಡಿ. ಗಟ್ಟಿ ಒಡ್ಡು, ಒಳ್ಳೆಯ ಮಣ್ಣು, ತಲೆಮಾರುಗಳ ದುಡಿಮೆ. ನೀರು ಹೋದ ವರ್ಷ ಅದಕ್ಕೆ ಬೆಲೆ ಹೋಯಿತು. ನಮ್ಮ ಟಿಕೋಟಾದ ಪಡವೂ ಅದೇ ದಾರಿ ಹಿಡಿದಿತ್ತು. ಹಿಂದೊಮ್ಮೆ ಬರದಲ್ಲಿ ಟ್ಯಾಂಕರ್ ನೀರು ಹಾಕಿ ಅಪ್ಪ ಬಳ್ಳಿ ಉಳಿಸಿಕೊಂಡಿದ್ದರು. ಆ ಒಂದೇ ಬೇಸಿಗೆಯ ಟ್ಯಾಂಕರ್ ಬಿಲ್ಲು ಮೂರೂವರೆ ಲಕ್ಷ. ಅದಕ್ಕೆ ಮಾಡಿದ ಸಾಲ ತೀರಿಸಲೆಂದೇ ನಾನು ಗಲ್ಫ್‌ಗೆ ಬಂದವನು. ಅದನ್ನೇ ಮರೆತು ಗುರುತಿಲ್ಲದವರ ಕಾಲು ಎಕರೆಗೆ 24 ಲಕ್ಷ ಎಣಿಸಲು ಹೊರಟಿದ್ದೆ.

ಮರುದಿನ ಅಣ್ಣನಿಗೆ ಫೋನ್ ಮಾಡಿದೆ. ಏಪ್ರಿಲ್ ಚಾಟ್ನಿ ಮುಗಿಸಿ ಕೂತಿದ್ದ. ಹೊಂಡದ ಏಳು ಲಕ್ಷ ಕಳಿಸುತ್ತೇನೆ ಎಂದೆ. "ಎಲ್ಲಾ ನೀನಾ ಕೊಡಬ್ಯಾಡ. ಎರಡು ಲಕ್ಷ ನಾನು ಹೊಂದಸ್ತೀನಿ" ಎಂದ. ಐದು ಲಕ್ಷ ನನ್ನ ಎನ್‌ಆರ್‌ಇ ಖಾತೆಯಿಂದ ಅವನ ಖಾತೆಗೆ ಬ್ಯಾಂಕ್ ಮೂಲಕವೇ ಹೋಯಿತು. ಒಡಹುಟ್ಟಿದವರು ಕೊಡುವ ಹಣಕ್ಕೆ ಪಡೆದವರ ಕೈಯಲ್ಲಿ ತೆರಿಗೆ ಇಲ್ಲ. ಆದರೂ ಒಂದು ಪುಟದ ಪತ್ರ ಬರೆದು ಇಬ್ಬರೂ ಸಹಿ ಮಾಡಿ ಇಟ್ಟುಕೊಂಡಿದ್ದೇವೆ. ಮುಂದೆ ಮಕ್ಕಳ ಕಾಲಕ್ಕೆ ಯಾವುದು ಯಾರ ದುಡ್ಡು ಎಂಬ ಗೊಂದಲ ಬೇಡ.

ಇದನ್ನು ನಾನು "ಹೂಡಿಕೆ" ಎಂದು ನನ್ನ ಎಕ್ಸೆಲ್ ಹಾಳೆಯಲ್ಲಿ ಬರೆದಿಲ್ಲ. ಹೊಂಡ ಎಷ್ಟು ಪರ್ಸೆಂಟ್ ಕೊಡುತ್ತದೆ ಎಂದು ಹೇಳಲು ಬರುವುದಿಲ್ಲ. ಒಂದು ಬೇಸಿಗೆಯ ಟ್ಯಾಂಕರ್ ಖರ್ಚು ಉಳಿದರೆ ಅರ್ಧ ದುಡ್ಡು ಬಂದಂತೆ ಎಂದು ಮಾತ್ರ ಗೊತ್ತು. ಉಳಿದ 19 ಲಕ್ಷ ಠೇವಣಿ ಮತ್ತು ಇಂಡೆಕ್ಸ್ ಫಂಡ್‌ಗಳ ನಡುವೆ, ಮೊದಲಿನ ಯೋಜನೆಯಂತೆಯೇ.

ಮಂಗಳೂರಿನ ಗೆಳೆಯ ಬುಕಿಂಗ್‌ಗೆ 50,000 ರೂಪಾಯಿ ಕೊಟ್ಟಾಗಿತ್ತು. ಫೆಮಾ ನಿಯಮದ ಪ್ರತಿ ಇಟ್ಟು ವಾಪಸ್ ಕೇಳಿ ಎಂದು ಹೇಳಿದ್ದೇನೆ. ಈ ಲೇಖನ ಬರೆಯುವ ಹೊತ್ತಿಗೆ "ಮುಂದಿನ ವಾರ" ಎಂಬ ಉತ್ತರ ಮೂರನೇ ಸಲ ಬಂದಿದೆ.

ವೈನ್ ತೋಟ ಇಷ್ಟವಾದರೆ ರಜೆಯಲ್ಲಿ ದೊಡ್ಡಬಳ್ಳಾಪುರಕ್ಕೋ ಹಂಪಿ ಕಡೆಗೋ ಹೋಗಿ, ನೋಡಿ, ಉಂಡು ಬನ್ನಿ. ಅಲ್ ಖೌದ್‌ನಲ್ಲಿದ್ದರೆ ಏಪ್ರಿಲ್‌ನಲ್ಲಿ ಜೆಬೆಲ್ ಅಖ್ದರ್ ಹತ್ತಿ. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟರೆ ಭಟ್ಟಿ ಉರಿಯುವ ಹೊತ್ತಿಗೆ ಮೇಲಿರುತ್ತೀರಿ. ಖರ್ಚು ಪೆಟ್ರೋಲು, ಊಟ, ಒಂದು ಬಾಟಲಿ ಗುಲಾಬಿ ನೀರು. ಊರಿಗೆ ಕಳಿಸಲೆಂದು ನಾನು ತಂದ ಬಾಟಲಿ ಇನ್ನೂ ಅಡುಗೆಮನೆಯ ಶೆಲ್ಫ್ ಮೇಲಿದೆ. ಜುಲೈ ರಜೆಗೆ ಹೋಗುವಾಗ ಅತ್ತಿಗೆಗೆ ಕೊಡಬೇಕು, ಆಮೇಲೆ ಅಣ್ಣನ ಜೊತೆ ಹೊಂಡದ ದಂಡೆಗೆ ಹೋಗಿ ನೀರು ಎಷ್ಟು ನಿಂತಿದೆ ಎಂದು ನೋಡಬೇಕು.

(ಇದು ನನ್ನ ಅನುಭವ ಮತ್ತು ತಿಳಿವಳಿಕೆ. ನಿಮ್ಮ ಜಮೀನಿನ ವ್ಯವಹಾರಕ್ಕೆ ಸಹಿ ಹಾಕುವ ಮೊದಲು ಫೆಮಾ ಗೊತ್ತಿರುವ ಲೆಕ್ಕಪರಿಶೋಧಕರನ್ನೋ ವಕೀಲರನ್ನೋ ಕಂಡು ಕೇಳಿ.)